ಇಂಗ್ಲಿಷ್ ವ್ಯಾಕರಣದಲ್ಲಿ ಭೂತಕಾಲ

ಇಂಗ್ಲಿಷ್ ವ್ಯಾಕರಣದಲ್ಲಿ ಭೂತಕಾಲವು ಮಾತನಾಡುವ ಕ್ಷಣಕ್ಕಿಂತ ಹಿಂದೆ ನಡೆದ ಕ್ರಿಯೆಯನ್ನು, ಹಿಂದೆ ಇದ್ದ ಸ್ಥಿತಿಯನ್ನು ಅಥವಾ ಹಿಂದಿನ ರೂಢಿಯನ್ನು ಸೂಚಿಸುವ ಕ್ರಿಯಾಪದ ವ್ಯವಸ್ಥೆಯಾಗಿದೆ. ಶಾಲಾ ವ್ಯಾಕರಣಗಳಲ್ಲಿ ಇದನ್ನು ಸರಳ ಭೂತಕಾಲ, ನಿರಂತರ ಭೂತಕಾಲ, ಪೂರ್ಣ ಭೂತಕಾಲ ಮತ್ತು ಪೂರ್ಣ ನಿರಂತರ ಭೂತಕಾಲ ಎಂಬ ನಾಲ್ಕು ವಿಧಗಳಾಗಿ ವಿಂಗಡಿಸಲಾಗುತ್ತದೆ. ಇವುಗಳ ಸರಿಯಾದ ಬಳಕೆಗೆ ಎರಡು ತತ್ತ್ವಗಳು ಆಧಾರವಾಗಿವೆ. ಮೊದಲನೆಯದಾಗಿ, ಒಂದು ಕ್ರಿಯಾಪದಗುಚ್ಛದಲ್ಲಿ ಕಾಲದ ಗುರುತು ಒಮ್ಮೆ ಮಾತ್ರ, ಅದೂ ಗುಚ್ಛದ ಮೊದಲ ಪದದ ಮೇಲೆ ಬರುತ್ತದೆ. ಎರಡನೆಯದಾಗಿ, ಕ್ರಿಯೆ ಮುಗಿದಿದೆಯೇ ಎಂಬುದಷ್ಟೇ ರೂಪವನ್ನು ನಿರ್ಧರಿಸುವುದಿಲ್ಲ. ಮಾತನಾಡುವವರು ಯಾವ ಕಾಲಬಿಂದುವಿನಲ್ಲಿ ನಿಂತು ಆ ಕ್ರಿಯೆಯನ್ನು ನೋಡುತ್ತಾರೆ ಎಂಬುದೂ ಮುಖ್ಯವಾಗುತ್ತದೆ.

ಈ ಲೇಖನದಲ್ಲಿ ಇಂಗ್ಲಿಷ್ ಉದಾಹರಣೆಗಳನ್ನು ಅವುಗಳ ಉಚ್ಚಾರಣೆಗೆ ಹತ್ತಿರವಾಗುವಂತೆ ಕನ್ನಡ ಲಿಪಿಯಲ್ಲಿ ಕೊಡಲಾಗಿದೆ.

ಕಾಲಗಳ ಸಂಖ್ಯೆ

ಕನ್ನಡ ವ್ಯಾಕರಣ ಪರಂಪರೆಯು ಭೂತ, ವರ್ತಮಾನ, ಭವಿಷ್ಯತ್ ಎಂಬ ಮೂರು ಕಾಲಗಳನ್ನು ಹೇಳುತ್ತದೆ. 13ನೆಯ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣವು ಹಳಗನ್ನಡದ ಈ ಮೂರು ಕಾಲಗಳಿಗೂ ಬೇರೆ ಬೇರೆ ಪ್ರತ್ಯಯಗಳನ್ನು ಗುರುತಿಸುತ್ತದೆ. ಭೂತಕಾಲಕ್ಕೆ ಅದು ಹೇಳುವ ಪ್ರತ್ಯಯ 'ದ'. ಇಂಗ್ಲಿಷ್‌ನಲ್ಲಾದರೋ ಕ್ರಿಯಾಪದದ ರೂಪವೇ ಬದಲಾಗಿ ಕಾಲವನ್ನು ತೋರಿಸುವುದು ವರ್ತಮಾನ ಮತ್ತು ಭೂತ ಎಂಬ ಎರಡು ಕಡೆ ಮಾತ್ರ. ಭವಿಷ್ಯತ್ತನ್ನು 'ವಿಲ್' ಮುಂತಾದ ಸಹಾಯಕ ಪದಗಳಿಂದ ಹೇಳಲಾಗುತ್ತದೆ. ಆದ್ದರಿಂದ ಅನೇಕ ಭಾಷಾವಿಜ್ಞಾನಿಗಳು ಇಂಗ್ಲಿಷ್‌ಗೆ ರೂಪದ ದೃಷ್ಟಿಯಿಂದ ಎರಡೇ ಕಾಲಗಳಿವೆ ಎನ್ನುತ್ತಾರೆ.

ಕನ್ನಡದ ಭೂತಕಾಲದ ಕ್ರಿಯಾಪದವು ಕರ್ತೃವಿನ ಲಿಂಗ, ವಚನ, ಪುರುಷಗಳನ್ನೂ ಸೂಚಿಸುತ್ತದೆ: ಬಂದೆನು, ಬಂದಳು, ಬಂದರು, ಬಂದಿತು. ಇಂಗ್ಲಿಷ್‌ನಲ್ಲಿ ಇವೆಲ್ಲಕ್ಕೂ 'ಕೇಮ್' ಎಂಬ ಒಂದೇ ರೂಪ ಸಾಕಾಗುತ್ತದೆ. 'ಬಿ' ಎಂಬ ಕ್ರಿಯಾಪದ ಮಾತ್ರ ಇದಕ್ಕೆ ಹೊರತು. ಅದಕ್ಕೆ 'ಐ', 'ಹಿ', 'ಶಿ', 'ಇಟ್' ಹಾಗೂ ಏಕವಚನ ನಾಮಪದಗಳೊಡನೆ 'ವಾಸ್' ಎಂದೂ, 'ಯು', 'ವಿ', 'ದೇ' ಹಾಗೂ ಬಹುವಚನ ನಾಮಪದಗಳೊಡನೆ 'ವರ್' ಎಂದೂ ಎರಡು ರೂಪಗಳಿವೆ. 'ಯು' ಒಬ್ಬರನ್ನೇ ಕುರಿತದ್ದಾದರೂ 'ಯು ವರ್' ಎಂಬುದೇ ಸರಿ.

ಕ್ರಿಯಾಪದದ ಮೂರು ರೂಪಗಳು

ತರಗತಿಗಳಲ್ಲಿ ವಿ-1, ವಿ-2, ವಿ-3 ಎಂದು ಕಂಠಪಾಠ ಮಾಡಿಸುವ ರೂಪಗಳು ಕ್ರಮವಾಗಿ ಮೂಲರೂಪ, ಭೂತರೂಪ ಮತ್ತು ಭೂತ ಕೃದಂತಗಳಾಗಿವೆ. ಉದಾಹರಣೆಗೆ 'ರೈಟ್–ರೋಟ್–ರಿಟನ್'.

- ಎರಡನೆಯ ರೂಪವಾದ 'ರೋಟ್' ತಾನೇ ಕಾಲವನ್ನು ಹೊತ್ತಿರುತ್ತದೆ. ಆದ್ದರಿಂದ ಅದು ಯಾವುದೇ ಸಹಾಯಕ ಕ್ರಿಯಾಪದವಿಲ್ಲದೆ ನಿಲ್ಲುತ್ತದೆ: 'ಶಿ ರೋಟ್ ಎ ಲೆಟರ್' (ಅವಳು ಪತ್ರ ಬರೆದಳು).
- ಮೂರನೆಯ ರೂಪವಾದ 'ರಿಟನ್' ಸ್ವತಃ ಕಾಲವನ್ನು ಹೇಳುವುದಿಲ್ಲ. ಅದಕ್ಕೆ 'ಹ್ಯಾವ್', 'ಹ್ಯಾಸ್', 'ಹ್ಯಾಡ್' ಅಥವಾ ಕರ್ಮಣಿ ಪ್ರಯೋಗದಲ್ಲಿ 'ಬಿ' ಕ್ರಿಯಾಪದದ ಆಸರೆ ಬೇಕು: 'ದ ಲೆಟರ್ ವಾಸ್ ರಿಟನ್' (ಪತ್ರವು ಬರೆಯಲ್ಪಟ್ಟಿತು).

'ಐ ಸೀನ್ ಹಿಮ್', 'ಐ ಹ್ಯಾವ್ ಸಾ ಹಿಮ್' ಎಂಬ ಎರಡು ತಪ್ಪುಗಳೂ ಈ ವ್ಯತ್ಯಾಸವನ್ನು ಮರೆತುದರಿಂದ ಹುಟ್ಟುತ್ತವೆ. ಸರಿಯಾದ ರೂಪಗಳು 'ಐ ಸಾ ಹಿಮ್' ಮತ್ತು 'ಐ ಹ್ಯಾವ್ ಸೀನ್ ಹಿಮ್'.

ನಿಯಮಿತ ಕ್ರಿಯಾಪದಗಳು

ಬಹುಪಾಲು ಕ್ರಿಯಾಪದಗಳ ಮೂಲರೂಪಕ್ಕೆ ಇ ಮತ್ತು ಡಿ ಅಕ್ಷರಗಳನ್ನು ಸೇರಿಸಿದರೆ ಎರಡನೆಯ ಮತ್ತು ಮೂರನೆಯ ರೂಪಗಳು ದೊರೆಯುತ್ತವೆ. ಭಾಷೆಗೆ ಹೊಸದಾಗಿ ಸೇರುವ ಕ್ರಿಯಾಪದಗಳೂ ಸಾಮಾನ್ಯವಾಗಿ ಈ ದಾರಿಯನ್ನೇ ಹಿಡಿಯುತ್ತವೆ. 'ಗೂಗಲ್' ಕ್ರಿಯಾಪದವಾದಾಗ ಅದರ ಭೂತರೂಪ 'ಗೂಗಲ್ಡ್' ಆಯಿತು. ಅಮೆರಿಕದ ಮನೋಭಾಷಾವಿಜ್ಞಾನಿ ಜೀನ್ ಬರ್ಕೊ 1958ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಕ್ಕಳು ತಾವು ಹಿಂದೆಂದೂ ಕೇಳಿರದ ಕೃತಕ ಪದಗಳಿಗೂ ನಿಯಮಾನುಸಾರ ಪ್ರತ್ಯಯಗಳನ್ನು ಹಚ್ಚಬಲ್ಲರೆಂದು ತೋರಿಸಿದರು.

ಬರವಣಿಗೆಯ ನಿಯಮಗಳು

- ಮೂಲರೂಪದ ಕೊನೆಯಲ್ಲಿ ಉಚ್ಚಾರವಾಗದ ಇ ಅಕ್ಷರವಿದ್ದರೆ ಡಿ ಮಾತ್ರ ಸೇರುತ್ತದೆ. ಉದಾ: 'ಲವ್', 'ಹೋಪ್'.
- ವ್ಯಂಜನಾಕ್ಷರದ ಬಳಿಕ ವೈ ಇದ್ದರೆ ಅದು ಐ ಆಗಿ ಬದಲಾಗಿ ಇ, ಡಿ ಸೇರುತ್ತವೆ. ಉದಾ: 'ಸ್ಟಡಿ', 'ಕ್ಯಾರಿ'. ಸ್ವರಾಕ್ಷರದ ಬಳಿಕ ವೈ ಇದ್ದರೆ ಬದಲಾವಣೆಯಿಲ್ಲ. ಉದಾ: 'ಪ್ಲೇ', 'ಎಂಜಾಯ್'. 'ಪೇ', 'ಸೇ', 'ಲೇ' ಎಂಬ ಪದಗಳು ಇದಕ್ಕೆ ಅಪವಾದ.
- ಒಂದೇ ಸ್ವರಾಕ್ಷರದ ಮುಂದೆ ಒಂದೇ ವ್ಯಂಜನಾಕ್ಷರ ಬಂದು ಮುಗಿಯುವ ಏಕಾಕ್ಷರಿ ಪದಗಳಲ್ಲಿ ಕೊನೆಯ ವ್ಯಂಜನ ಇಮ್ಮಡಿಯಾಗುತ್ತದೆ. 'ಸ್ಟಾಪ್' ಪದದಲ್ಲಿ ಪಿ, 'ಪ್ಲಾನ್' ಪದದಲ್ಲಿ ಎನ್ ಇಮ್ಮಡಿಯಾಗುತ್ತವೆ. ಡಬ್ಲ್ಯು, ಎಕ್ಸ್, ವೈ ಅಕ್ಷರಗಳು ಇಮ್ಮಡಿಯಾಗುವುದಿಲ್ಲ.
- ಪದ ದೀರ್ಘವಾಗಿದ್ದರೆ ಒತ್ತು ಕೊನೆಯ ಉಚ್ಚಾರಾಂಶದ ಮೇಲಿದ್ದಾಗ ಮಾತ್ರ ಇಮ್ಮಡಿಸಬೇಕು. 'ಪ್ರಿಫರ್' ಪದದಲ್ಲಿ ಆರ್ ಇಮ್ಮಡಿಯಾಗುತ್ತದೆ. 'ವಿಸಿಟ್' ಪದದ ಒತ್ತು ಮೊದಲ ಭಾಗದ ಮೇಲಿರುವುದರಿಂದ ಅಲ್ಲಿ ಟಿ ಒಂದೇ ಉಳಿಯುತ್ತದೆ.

ಉಚ್ಚಾರಣೆಯ ನಿಯಮಗಳು

ಬರವಣಿಗೆಯಲ್ಲಿ ಒಂದೇ ಆಗಿ ಕಾಣುವ ಈ ಪ್ರತ್ಯಯಕ್ಕೆ ಮೂರು ಉಚ್ಚಾರಣೆಗಳಿವೆ. ಮೂಲರೂಪದ ಕೊನೆಯ ಧ್ವನಿ ಇವನ್ನು ನಿರ್ಧರಿಸುತ್ತದೆ.

- ಕೊನೆಯ ಧ್ವನಿ ಕ್, ಪ್, ಸ್, ಶ್, ಚ್, ಫ್ ಮೊದಲಾದ ಅಘೋಷ ಧ್ವನಿಯಾಗಿದ್ದರೆ ಪ್ರತ್ಯಯವನ್ನು 'ಟ್' ಎಂದು ಉಚ್ಚರಿಸಬೇಕು: 'ವಾಕ್ಟ್', 'ಸ್ಟಾಪ್ಟ್', 'ವಾಶ್ಟ್'.
- ಕೊನೆಯಲ್ಲಿ ಸ್ವರ ಅಥವಾ ಘೋಷ ವ್ಯಂಜನವಿದ್ದರೆ 'ಡ್' ಎಂದು: 'ಪ್ಲೇಡ್', 'ಕಾಲ್ಡ್', 'ಲಿವ್ಡ್'.
- ಕೊನೆಯ ಧ್ವನಿ 'ಟ್' ಅಥವಾ 'ಡ್' ಆಗಿದ್ದರೆ ಮಾತ್ರ 'ಇಡ್' ಎಂಬ ಪ್ರತ್ಯೇಕ ಉಚ್ಚಾರಾಂಶ ಸೇರುತ್ತದೆ: 'ವಾಂಟಿಡ್', 'ನೀಡಿಡ್'.

ಅಕ್ಷರಗಳನ್ನು ನೋಡಿ 'ವಾಕೆಡ್', 'ಸ್ಟಾಪೆಡ್' ಎಂದು ಓದುವುದು ಸರಿಯಲ್ಲ. ವಿಶೇಷಣಗಳಾಗಿ ಬಳಕೆಯಾಗುವ ಕೆಲವು ಹಳೆಯ ಪದಗಳಲ್ಲಿ ಮಾತ್ರ ಈ ಪ್ರತ್ಯೇಕ ಉಚ್ಚಾರಾಂಶ ಉಳಿದುಬಂದಿದೆ. ವಿದ್ವಾಂಸ ಎಂಬ ಅರ್ಥದ 'ಲರ್ನಿಡ್' ಅವುಗಳಲ್ಲೊಂದು.

ಅನಿಯಮಿತ ಕ್ರಿಯಾಪದಗಳು

ಅನಿಯಮಿತ ಕ್ರಿಯಾಪದಗಳ ಸಂಖ್ಯೆ ಕಡಿಮೆಯಾದರೂ ಅವುಗಳ ಬಳಕೆ ಬಹಳ ಹೆಚ್ಚು. ಇರು, ಹೊಂದು, ಮಾಡು, ಹೇಳು, ಹೋಗು, ಬರು, ನೋಡು, ತೆಗೆದುಕೊಳ್ಳು ಎಂಬ ಅರ್ಥದ ದಿನಬಳಕೆಯ ಇಂಗ್ಲಿಷ್ ಪದಗಳೆಲ್ಲ ಈ ಗುಂಪಿಗೆ ಸೇರುತ್ತವೆ. ರೂಪಗಳ ಹೋಲಿಕೆಯ ಮೇಲೆ ಇವನ್ನು ನಾಲ್ಕು ಬಗೆಯಾಗಿ ನೆನಪಿಡಬಹುದು.

- ಮೂರೂ ರೂಪಗಳು ಒಂದೇ ಆಗಿರುವವು: 'ಪುಟ್–ಪುಟ್–ಪುಟ್', 'ಕಟ್–ಕಟ್–ಕಟ್'.
- ಎರಡನೆಯ ಮತ್ತು ಮೂರನೆಯ ರೂಪಗಳು ಒಂದೇ ಆಗಿರುವವು: 'ಸೆಂಡ್–ಸೆಂಟ್–ಸೆಂಟ್', 'ಟೀಚ್–ಟಾಟ್–ಟಾಟ್'.
- ಮೊದಲ ಮತ್ತು ಮೂರನೆಯ ರೂಪಗಳು ಒಂದೇ ಆಗಿರುವವು: 'ಕಮ್–ಕೇಮ್–ಕಮ್', 'ಬಿಕಮ್–ಬಿಕೇಮ್–ಬಿಕಮ್'.
- ಮೂರೂ ರೂಪಗಳು ಬೇರೆಯಾಗಿರುವವು: 'ಗೋ–ವೆಂಟ್–ಗಾನ್', 'ಸಿಂಗ್–ಸ್ಯಾಂಗ್–ಸಂಗ್'.

ಓದು ಎಂಬ ಅರ್ಥದ 'ರೀಡ್' ಪದವನ್ನು ಮೂರು ರೂಪಗಳಲ್ಲೂ ಒಂದೇ ಅಕ್ಷರಗಳಲ್ಲಿ ಬರೆಯಲಾಗುತ್ತದೆಯಾದರೂ ಎರಡನೆಯ ಮತ್ತು ಮೂರನೆಯ ರೂಪಗಳನ್ನು 'ರೆಡ್' ಎಂದು ಉಚ್ಚರಿಸಬೇಕು. ಇನ್ನೊಂದು ತೊಡಕಿನ ಜೋಡಿ 'ಲೈ' ಮತ್ತು 'ಲೇ'. ಮಲಗು ಎಂಬ ಅರ್ಥದಲ್ಲಿ 'ಲೈ–ಲೇ–ಲೇನ್' ಎಂದೂ, ಇಡು ಎಂಬ ಅರ್ಥದಲ್ಲಿ 'ಲೇ–ಲೇಡ್–ಲೇಡ್' ಎಂದೂ ರೂಪಗಳಿವೆ. ಒಂದರ ಭೂತರೂಪವೇ ಇನ್ನೊಂದರ ಮೂಲರೂಪವಾಗಿರುವುದು ಇಲ್ಲಿನ ಗೊಂದಲಕ್ಕೆ ಕಾರಣ. ಸುಳ್ಳು ಹೇಳು ಎಂಬ ಅರ್ಥದ 'ಲೈ' ಬೇರೆಯೇ ಪದ; ಅದು ನಿಯಮಿತವಾಗಿದ್ದು 'ಲೈಡ್' ಎಂದಾಗುತ್ತದೆ.

ಇಂತಹ ಅನಿಯಮಿತತೆ ಇಂಗ್ಲಿಷ್‌ಗೆ ಮಾತ್ರ ಸೀಮಿತವಲ್ಲ. ಕನ್ನಡದಲ್ಲೂ 'ಮಾಡು–ಮಾಡಿದ', 'ನೋಡು–ನೋಡಿದ' ಎಂಬ ಕ್ರಮವನ್ನು ಬಿಟ್ಟು 'ಕೊಡು–ಕೊಟ್ಟ', 'ಬರು–ಬಂದ', 'ಬೀಳು–ಬಿದ್ದ' ಎಂಬ ರೂಪಗಳು ಬಳಕೆಯಲ್ಲಿವೆ.

ಐತಿಹಾಸಿಕ ಹಿನ್ನೆಲೆ

ಇಂಗ್ಲಿಷ್ ಜರ್ಮಾನಿಕ್ ಭಾಷಾವರ್ಗಕ್ಕೆ ಸೇರಿದ ಭಾಷೆ. ಈ ವರ್ಗದಲ್ಲಿ ಭೂತರೂಪವನ್ನು ರಚಿಸುವ ಎರಡು ಕ್ರಮಗಳಿದ್ದವು. ಪದದ ಒಳಗಿನ ಸ್ವರವನ್ನು ಬದಲಿಸುವ ಕ್ರಿಯಾಪದಗಳನ್ನು ಜರ್ಮನ್ ವಿದ್ವಾಂಸ ಯಾಕೋಬ್ ಗ್ರಿಮ್ ಪ್ರಬಲವೆಂದೂ, ದಂತ್ಯ ಧ್ವನಿಯ ಪ್ರತ್ಯಯವನ್ನು ಪಡೆಯುವವನ್ನು ದುರ್ಬಲವೆಂದೂ ಕರೆದರು. ಇಂದಿನ 'ಸಿಂಗ್–ಸ್ಯಾಂಗ್' ಮೊದಲ ಕ್ರಮದ, 'ವಾಕ್–ವಾಕ್ಟ್' ಎರಡನೆಯ ಕ್ರಮದ ಉಳಿಕೆಗಳು. ಕಾಲಾಂತರದಲ್ಲಿ ಅನೇಕ ಪ್ರಬಲ ಕ್ರಿಯಾಪದಗಳು ನಿಯಮಿತವಾದವು. ಹಿಂದೆ 'ಹೋಲ್ಪ್' ಎಂಬ ಭೂತರೂಪವಿದ್ದ 'ಹೆಲ್ಪ್' ಇಂದು 'ಹೆಲ್ಪ್ಟ್' ಎಂದಾಗುತ್ತದೆ. ಹೆಚ್ಚು ಬಳಕೆಯಲ್ಲಿರುವ ಪದಗಳ ಹಳೆಯ ರೂಪಗಳನ್ನು ಪ್ರತಿ ಪೀಳಿಗೆಯೂ ಮತ್ತೆ ಮತ್ತೆ ಕೇಳಿ ಕಲಿಯುವುದರಿಂದ ಅವು ಸುಲಭವಾಗಿ ಅಳಿಯುವುದಿಲ್ಲ.

'ಗೋ' ಪದದ ಭೂತರೂಪವಾದ 'ವೆಂಟ್' ಮೂಲತಃ 'ವೆಂಡ್' ಎಂಬ ಬೇರೊಂದು ಕ್ರಿಯಾಪದಕ್ಕೆ ಸೇರಿದ್ದು. ಅದು 'ಗೋ' ಪದದ ಹಳೆಯ ಭೂತರೂಪವನ್ನು ಹೊರದೂಡಿ ಅದರ ಸ್ಥಾನದಲ್ಲಿ ನೆಲೆನಿಂತಿತು. ಆದುದರಿಂದಲೇ ಈ ಎರಡು ರೂಪಗಳಲ್ಲಿ ಯಾವ ಹೋಲಿಕೆಯೂ ಕಾಣುವುದಿಲ್ಲ.

ನಿಷೇಧ ಮತ್ತು ಪ್ರಶ್ನೆ

ಸರಳ ಭೂತಕಾಲದ ವಾಕ್ಯವನ್ನು ನಿಷೇಧಾರ್ಥಕವನ್ನಾಗಿ ಅಥವಾ ಪ್ರಶ್ನೆಯನ್ನಾಗಿ ಮಾಡುವಾಗ 'ಡಿಡ್' ಎಂಬ ಸಹಾಯಕ ಕ್ರಿಯಾಪದ ಬರುತ್ತದೆ. 'ಡಿಡ್' ಎಂಬುದೇ 'ಡು' ಪದದ ಭೂತರೂಪ. ಕಾಲದ ಗುರುತನ್ನು ಅದು ವಹಿಸಿಕೊಂಡ ಮೇಲೆ ಮುಖ್ಯ ಕ್ರಿಯಾಪದವು ಮೂಲರೂಪಕ್ಕೆ ಮರಳುತ್ತದೆ.

- 'ಹಿ ವೆಂಟ್ ಹೋಮ್' (ಅವನು ಮನೆಗೆ ಹೋದನು).
- 'ಹಿ ಡಿಡ್ ನಾಟ್ ಗೋ ಹೋಮ್' (ಅವನು ಮನೆಗೆ ಹೋಗಲಿಲ್ಲ).
- 'ಡಿಡ್ ಹಿ ಗೋ ಹೋಮ್?' (ಅವನು ಮನೆಗೆ ಹೋದನೇ?).

'ಡಿಡ್ ನಾಟ್ ವೆಂಟ್', 'ಡಿಡ್ ಹಿ ವೆಂಟ್?' ಎಂಬವು ತಪ್ಪು, ಏಕೆಂದರೆ ಅವುಗಳಲ್ಲಿ ಕಾಲದ ಗುರುತು ಎರಡು ಬಾರಿ ಬಂದಿದೆ. ಕನ್ನಡದ ನಿಷೇಧರೂಪವನ್ನು ಗಮನಿಸಿದರೆ ಈ ನಿಯಮ ಸುಲಭವಾಗಿ ಮನದಟ್ಟಾಗುತ್ತದೆ. 'ಹೋದನು' ಎಂಬುದರ ನಿಷೇಧ 'ಹೋಗಲಿಲ್ಲ'. ಇಲ್ಲಿ 'ಹೋದ' ಎಂಬ ಭೂತರೂಪ ಮಾಯವಾಗಿ 'ಹೋಗು' ಎಂಬ ಧಾತುವೇ 'ಅಲ್' ಪ್ರತ್ಯಯದೊಡನೆ ಬಂದಿದೆ. ಕನ್ನಡದಲ್ಲಿ 'ಹೋದಲಿಲ್ಲ' ಎಂಬ ರೂಪ ಹೇಗೆ ಇಲ್ಲವೋ ಇಂಗ್ಲಿಷ್‌ನಲ್ಲಿ 'ಡಿಡ್ ನಾಟ್ ವೆಂಟ್' ಎಂಬುದೂ ಹಾಗೆಯೇ ಇಲ್ಲ.

ಮೂರು ಸಂದರ್ಭಗಳನ್ನು ಪ್ರತ್ಯೇಕವಾಗಿ ತಿಳಿಯಬೇಕು. 'ವಾಸ್', 'ವರ್' ರೂಪಗಳಿಗೆ 'ಡಿಡ್' ಬೇಡ: 'ಶಿ ವಾಸ್ ನಾಟ್ ಅಟ್ ಹೋಮ್', 'ವಾಸ್ ಶಿ ಅಟ್ ಹೋಮ್?'. 'ಕುಡ್' ಮುಂತಾದ ಸಹಾಯಕ ಕ್ರಿಯಾಪದಗಳಿಗೂ ಇದೇ ನಿಯಮ. ಕರ್ತೃವನ್ನೇ ಕೇಳುವ ಪ್ರಶ್ನೆಯಲ್ಲೂ 'ಡಿಡ್' ಬರುವುದಿಲ್ಲ: 'ಹೂ ಕೇಮ್?' (ಯಾರು ಬಂದರು?).

ನಾಲ್ಕು ವಿಧಗಳು

ಸರಳ ಭೂತಕಾಲ ಮುಗಿದ ಘಟನೆಯನ್ನು ಒಂದು ಬಿಡಿ ಸಂಗತಿಯಾಗಿ ಹೇಳುತ್ತದೆ. ಕತೆ, ಚರಿತ್ರೆ ಮತ್ತು ವರದಿಗಳ ಮುಖ್ಯ ಕಾಲವಿದು. ಸರಣಿಯಾಗಿ ನಡೆದ ಕ್ರಿಯೆಗಳನ್ನು ಹೇಳುವಾಗ ಕನ್ನಡವು ಕೊನೆಯ ಕ್ರಿಯೆಯನ್ನು ಮಾತ್ರ ಪೂರ್ಣ ಕ್ರಿಯಾಪದವಾಗಿ ಇಡುತ್ತದೆ: 'ಎದ್ದು, ಮುಖ ತೊಳೆದು, ಕಾಫಿ ಕುಡಿದು ಹೊರಟೆ'. ಇದೇ ಸರಣಿಯನ್ನು ಇಂಗ್ಲಿಷ್‌ನಲ್ಲಿ 'ಆಂಡ್' ಬಳಸಿ ಹೇಳುವಾಗ ಪ್ರತಿಯೊಂದು ಕ್ರಿಯಾಪದವೂ ಭೂತರೂಪದಲ್ಲಿರಬೇಕು: 'ಐ ಗಾಟ್ ಅಪ್, ವಾಶ್ಟ್ ಮೈ ಫೇಸ್, ಡ್ರ್ಯಾಂಕ್ ಕಾಫಿ ಆಂಡ್ ಲೆಫ್ಟ್'. ಮೊದಲ ಪದವನ್ನು ಭೂತದಲ್ಲಿಟ್ಟು ಮುಂದಿನವನ್ನು ಮೂಲರೂಪದಲ್ಲಿ ಬಿಡುವುದು ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ಸಾಮಾನ್ಯವಾಗಿ ಕಾಣುವ ದೋಷ.

ನಿರಂತರ ಭೂತಕಾಲ 'ವಾಸ್' ಅಥವಾ 'ವರ್' ಪದದೊಡನೆ 'ಇಂಗ್' ರೂಪ ಸೇರಿ ಆಗುತ್ತದೆ. ಹಿಂದಿನ ಒಂದು ಕ್ಷಣದಲ್ಲಿ ಕ್ರಿಯೆ ನಡೆಯುತ್ತಲೇ ಇತ್ತು ಎಂಬುದನ್ನು ಇದು ಸೂಚಿಸುತ್ತದೆ: 'ಐ ವಾಸ್ ಕುಕಿಂಗ್ ವೆನ್ ದ ಫೋನ್ ರ‍್ಯಾಂಗ್' (ನಾನು ಅಡುಗೆ ಮಾಡುತ್ತಿದ್ದಾಗ ಫೋನ್ ಬಂತು). ತಿಳಿ, ನಂಬು, ಸೇರಿರು ಎಂಬಂತಹ ಸ್ಥಿತಿಸೂಚಕ ಕ್ರಿಯಾಪದಗಳು ಸಾಮಾನ್ಯವಾಗಿ ಈ ರೂಪದಲ್ಲಿ ಬರುವುದಿಲ್ಲ. 'ನನಗೆ ಗೊತ್ತಿತ್ತು' ಎನ್ನಲು 'ಐ ನ್ಯೂ' ಎನ್ನಬೇಕೇ ಹೊರತು 'ಐ ವಾಸ್ ನೋಯಿಂಗ್' ಎನ್ನಬಾರದು.

ಪೂರ್ಣ ಭೂತಕಾಲ 'ಹ್ಯಾಡ್' ಮತ್ತು ಭೂತ ಕೃದಂತ ಸೇರಿ ಆಗುತ್ತದೆ. ಹಿಂದಿನ ಒಂದು ಬಿಂದುವಿಗಿಂತಲೂ ಮೊದಲು ನಡೆದುದನ್ನು ಇದು ತಿಳಿಸುತ್ತದೆ. ಇದನ್ನು ಮುಂದೆ ವಿವರಿಸಲಾಗಿದೆ.

ಪೂರ್ಣ ನಿರಂತರ ಭೂತಕಾಲ 'ಹ್ಯಾಡ್ ಬೀನ್' ಮತ್ತು 'ಇಂಗ್' ರೂಪ ಸೇರಿ ಆಗುತ್ತದೆ. ಹಿಂದಿನ ಒಂದು ಬಿಂದುವಿನವರೆಗೆ ಕ್ರಿಯೆ ಎಷ್ಟು ಕಾಲದಿಂದ ನಡೆದುಬಂದಿತ್ತು ಎಂಬುದು ಇದರ ಮುಖ್ಯಾರ್ಥ: 'ದೇ ಹ್ಯಾಡ್ ಬೀನ್ ವೇಟಿಂಗ್ ಫಾರ್ ಟೂ ಅವರ್ಸ್' (ಅವರು ಎರಡು ಗಂಟೆಯಿಂದ ಕಾಯುತ್ತಿದ್ದರು).

ಈ ನಾಲ್ಕರ ಜೊತೆಗೆ, ಹಿಂದೆ ಇದ್ದು ಈಗ ನಿಂತುಹೋದ ರೂಢಿಯನ್ನು ಹೇಳಲು 'ಯೂಸ್ಟ್ ಟು' ಬಳಕೆಯಲ್ಲಿದೆ.

ಪೂರ್ಣ ವರ್ತಮಾನದೊಡನೆ ವ್ಯತ್ಯಾಸ

'ಹ್ಯಾವ್' ಅಥವಾ 'ಹ್ಯಾಸ್' ಪದದೊಡನೆ ಭೂತ ಕೃದಂತ ಸೇರಿದ ರೂಪವನ್ನು ಪೂರ್ಣ ವರ್ತಮಾನ ಎನ್ನುತ್ತಾರೆ. ಕ್ರಿಯೆ ಹಿಂದೆಯೇ ನಡೆದಿದ್ದರೂ ಇದರ ದೃಷ್ಟಿ ಇಂದಿನ ಮೇಲಿರುತ್ತದೆ. 'ಐ ಹ್ಯಾವ್ ಲಾಸ್ಟ್ ಮೈ ಕೀ' ಎಂದರೆ ಕೀಲಿ ಕಳೆದಿದೆ, ಈಗಲೂ ಸಿಕ್ಕಿಲ್ಲ ಎಂದು ಸಾಮಾನ್ಯವಾಗಿ ತಿಳಿಯಲಾಗುತ್ತದೆ. 'ಐ ಲಾಸ್ಟ್ ಮೈ ಕೀ ಯೆಸ್ಟರ್‌ಡೇ' ಎಂಬುದು ನಿನ್ನೆ ನಡೆದ ಸಂಗತಿಯನ್ನಷ್ಟೇ ಹೇಳುತ್ತದೆ.

ಆದ್ದರಿಂದ ನಿನ್ನೆ, ಕಳೆದ ವಾರ, ಎರಡು ದಿನಗಳ ಹಿಂದೆ, 1995ರಲ್ಲಿ ಎಂಬಂತೆ ಮುಗಿದುಹೋದ ಕಾಲವನ್ನು ನಿಖರವಾಗಿ ಹೇಳುವ ಪದಗಳಿದ್ದರೆ ಸರಳ ಭೂತಕಾಲವನ್ನೇ ಬಳಸಬೇಕು. ಕನ್ನಡದಲ್ಲಿ 'ಕಳೆದ ವಾರವೇ ಅರ್ಜಿ ಕೊಟ್ಟಿದ್ದೇನೆ' ಎಂಬ ವಾಕ್ಯ ಸಹಜವಾದುದು. ಅದನ್ನು ಪದಕ್ಕೆ ಪದವಾಗಿ 'ಐ ಹ್ಯಾವ್ ಅಪ್ಲೈಡ್ ಲಾಸ್ಟ್ ವೀಕ್' ಎಂದು ಹೇಳುವುದು ಶಿಷ್ಟ ಇಂಗ್ಲಿಷ್‌ನಲ್ಲಿ ತಪ್ಪು. 'ಐ ಅಪ್ಲೈಡ್ ಲಾಸ್ಟ್ ವೀಕ್' ಎನ್ನಬೇಕು.

ಈ ವ್ಯತ್ಯಾಸದಿಂದ ಅರ್ಥವೇ ಬದಲಾಗಬಹುದು. ಉದ್ಯೋಗದ ಅರ್ಜಿಯಲ್ಲಿ 'ಐ ವರ್ಕ್ಟ್ ದೇರ್ ಫಾರ್ ಫೈವ್ ಇಯರ್ಸ್' ಎಂದು ಬರೆದರೆ ಅಭ್ಯರ್ಥಿ ಆ ಕೆಲಸವನ್ನು ಬಿಟ್ಟಿದ್ದಾರೆಂದು ಓದುವವರು ತಿಳಿಯುತ್ತಾರೆ. ಈಗಲೂ ಅಲ್ಲಿಯೇ ಇರುವುದಾದರೆ 'ಐ ಹ್ಯಾವ್ ವರ್ಕ್ಟ್' ಅಥವಾ 'ಐ ಹ್ಯಾವ್ ಬೀನ್ ವರ್ಕಿಂಗ್' ಎಂದಿರಬೇಕು. ಹಾಗೆಯೇ, ಬರೆಯುತ್ತಿರುವ ಲೇಖಕರ ಕೃತಿಗಳ ಬಗ್ಗೆ ಹೇಳುವಾಗ 'ಹ್ಯಾಸ್ ರಿಟನ್' ಎಂಬುದು ಸಹಜ. 1994ರಲ್ಲಿ ನಿಧನರಾದ ಕುವೆಂಪು ಅವರು ಬರೆದ ಕಾದಂಬರಿಗಳ ಬಗ್ಗೆ ಹೇಳುವಾಗ 'ರೋಟ್' ಎನ್ನಬೇಕು.

ಪೂರ್ಣ ಭೂತಕಾಲ ಮತ್ತು ಕನ್ನಡದ 'ಹೋಗಿದ್ದೆ'

ಪೂರ್ಣ ಭೂತಕಾಲಕ್ಕೆ ಹಿಂದಿನ ಎರಡು ಬಿಂದುಗಳು ಬೇಕು. ಕೆಳಗಿನ ವಾಕ್ಯಗಳನ್ನು ಹೋಲಿಸಬಹುದು.

- 'ವೆನ್ ವಿ ರೀಚ್ಟ್ ದ ಸ್ಟಾಪ್, ದ ಬಸ್ ಹ್ಯಾಡ್ ಲೆಫ್ಟ್': ನಾವು ತಲುಪುವಷ್ಟರಲ್ಲಿ ಬಸ್ ಹೊರಟುಹೋಗಿತ್ತು, ನಮಗೆ ಸಿಗಲಿಲ್ಲ.
- 'ವೆನ್ ವಿ ರೀಚ್ಟ್ ದ ಸ್ಟಾಪ್, ದ ಬಸ್ ಲೆಫ್ಟ್': ನಾವು ತಲುಪಿದೆವು, ಆಗ ಬಸ್ ಹೊರಟಿತು.

ಕನ್ನಡದ 'ಹೋಗಿದ್ದೆ', 'ನೋಡಿದ್ದೆ' ಎಂಬ ರೂಪಗಳಿಗೆ ಈ ಕಟ್ಟುಪಾಡಿಲ್ಲ. 'ಕಳೆದ ವಾರ ಧಾರವಾಡಕ್ಕೆ ಹೋಗಿದ್ದೆ' ಎಂದರೆ ಹೋಗಿ ಮರಳಿ ಬಂದಾಯಿತು ಎಂಬ ಅರ್ಥ ಬರುತ್ತದೆ. ಇನ್ನೊಂದು ಘಟನೆಯ ಹಂಗು ಅದಕ್ಕೆ ಬೇಕಿಲ್ಲ. ರೂಪಸಾಮ್ಯವನ್ನು ನಂಬಿ ಇದನ್ನು 'ಐ ಹ್ಯಾಡ್ ಗಾನ್ ಟು ಧಾರವಾಡ ಲಾಸ್ಟ್ ವೀಕ್' ಎಂದು ಹೇಳಿದರೆ, ಕೇಳುವವರು ಅದರ ಬಳಿಕ ನಡೆದ ಇನ್ನೊಂದು ಘಟನೆಗಾಗಿ ಕಾಯುತ್ತಾರೆ. ಸರಿಯಾದ ಇಂಗ್ಲಿಷ್ ವಾಕ್ಯ 'ಐ ವೆಂಟ್ ಟು ಧಾರವಾಡ ಲಾಸ್ಟ್ ವೀಕ್'. ಭಾರತೀಯ ಇಂಗ್ಲಿಷ್‌ನಲ್ಲಿ 'ಹ್ಯಾಡ್' ಪದದ ಇಂತಹ ಅನಗತ್ಯ ಬಳಕೆ ವ್ಯಾಪಕವಾಗಿದೆ. 'ಬಿಫೋರ್', 'ಆಫ್ಟರ್' ಪದಗಳು ಕ್ರಮವನ್ನು ಸ್ಪಷ್ಟಪಡಿಸುವಾಗ ಸರಳ ಭೂತಕಾಲವೂ ಸಾಕಾಗುತ್ತದೆ.

ಅನ್ಯರ ಮಾತನ್ನು ವರದಿ ಮಾಡುವಾಗ

ಕನ್ನಡದಲ್ಲಿ 'ಎಂದು' ಎಂಬುದರ ಹಿಂದಿನ ಕ್ರಿಯಾಪದ ತನ್ನ ಕಾಲವನ್ನು ಉಳಿಸಿಕೊಳ್ಳುತ್ತದೆ: 'ತನಗೆ ಜ್ವರ ಇದೆ ಎಂದಳು'. ಇಂಗ್ಲಿಷ್‌ನಲ್ಲಿ ಮುಖ್ಯ ಕ್ರಿಯಾಪದ ಭೂತದಲ್ಲಿದ್ದರೆ ಅಧೀನ ವಾಕ್ಯದ ಕ್ರಿಯಾಪದವೂ ಸಾಮಾನ್ಯವಾಗಿ ಒಂದು ಹೆಜ್ಜೆ ಹಿಂದೆ ಸರಿಯುತ್ತದೆ: 'ಶಿ ಸೆಡ್ ಶಿ ಹ್ಯಾಡ್ ಎ ಫೀವರ್'. 'ಬರುತ್ತೇನೆ ಎಂದನು' ಎಂಬುದು 'ಹಿ ಸೆಡ್ ಹಿ ವುಡ್ ಕಮ್' ಎಂದಾಗುತ್ತದೆ. ಭೂಮಿಯು ಸೂರ್ಯನ ಸುತ್ತ ಸುತ್ತುತ್ತದೆ ಎಂಬಂತಹ ಸಾರ್ವಕಾಲಿಕ ಸತ್ಯವನ್ನು ಮಾತ್ರ ವರ್ತಮಾನದಲ್ಲೇ ಉಳಿಸಬಹುದು.

ಭೂತವನ್ನು ಸೂಚಿಸದ ಭೂತರೂಪ

ಭೂತರೂಪವು ಕೆಲವೊಮ್ಮೆ ಕಾಲದ ದೂರವನ್ನಲ್ಲದೆ ವಾಸ್ತವದಿಂದ ಇರುವ ದೂರವನ್ನು ಸೂಚಿಸುತ್ತದೆ. 'ಇಫ್ ಐ ಹ್ಯಾಡ್ ಮನಿ, ಐ ವುಡ್ ಬೈ ಎ ಹೌಸ್' (ಹಣವಿದ್ದಿದ್ದರೆ ಮನೆ ಕೊಳ್ಳುತ್ತಿದ್ದೆ) ಎಂಬ ವಾಕ್ಯ ಇಂದಿನ ಸ್ಥಿತಿಯ ಬಗ್ಗೆಯೇ ಹೇಳುತ್ತದೆ. ಹಣ ಈಗ ಇಲ್ಲ ಎಂಬುದು ಅದರ ತಾತ್ಪರ್ಯ. ಇಂತಹ ವಾಕ್ಯಗಳಲ್ಲಿ ಔಪಚಾರಿಕ ಬರವಣಿಗೆಯು 'ಐ', 'ಹಿ' ಪದಗಳೊಡನೆಯೂ 'ವರ್' ಎಂಬ ರೂಪವನ್ನೇ ಬಯಸುತ್ತದೆ: 'ಇಫ್ ಐ ವರ್ ಯು'. ಕನ್ನಡದ 'ನಾಳೆ ಮಳೆ ಬಂದರೆ' ಎಂಬಲ್ಲಿಯೂ 'ಬಂದ' ಎಂಬ ಭೂತರೂಪವಿದ್ದು ಅರ್ಥ ಮಾತ್ರ ಮುಂದಿನ ಕಾಲದ್ದಾಗಿದೆ. ವಿನಯವನ್ನು ತೋರಲು 'ಐ ವಾಂಟಿಡ್ ಟು ಆಸ್ಕ್' ಎನ್ನುವುದೂ ಇದೇ ಬಗೆಯ ಬಳಕೆ.

ಬ್ರಿಟಿಷ್ ಮತ್ತು ಅಮೆರಿಕನ್ ಬಳಕೆ

ಬ್ರಿಟಿಷ್ ಇಂಗ್ಲಿಷ್‌ನಲ್ಲಿ 'ಲರ್ನ್ಟ್', 'ಬರ್ನ್ಟ್' ರೂಪಗಳು ಹೆಚ್ಚು ರೂಢಿಯಲ್ಲಿದ್ದರೆ ಅಮೆರಿಕನ್ ಇಂಗ್ಲಿಷ್‌ನಲ್ಲಿ 'ಲರ್ನ್ಡ್', 'ಬರ್ನ್ಡ್' ರೂಪಗಳು ಸಾಮಾನ್ಯ. 'ಟ್ರಾವೆಲ್' ಪದದ ಭೂತರೂಪದಲ್ಲಿ ಬ್ರಿಟಿಷರು ಎಲ್ ಅಕ್ಷರವನ್ನು ಇಮ್ಮಡಿಸುತ್ತಾರೆ, ಅಮೆರಿಕನ್ನರು ಇಮ್ಮಡಿಸುವುದಿಲ್ಲ. 'ಗೆಟ್' ಪದಕ್ಕೆ ಅಮೆರಿಕದಲ್ಲಿ 'ಗಾಟನ್' ಎಂಬ ಕೃದಂತ ಉಳಿದಿದೆ. 'ಜಸ್ಟ್', 'ಆಲ್ರೆಡಿ' ಪದಗಳೊಡನೆ ಬ್ರಿಟಿಷ್ ಬಳಕೆ ಪೂರ್ಣ ವರ್ತಮಾನವನ್ನು ಬಯಸುತ್ತದೆ. ಅಮೆರಿಕನ್ ಬಳಕೆಯಲ್ಲಿ ಸರಳ ಭೂತಕಾಲವೂ ಸಲ್ಲುತ್ತದೆ. ಯಾವ ಪದ್ಧತಿಯನ್ನು ಅನುಸರಿಸಿದರೂ ಒಂದು ಬರಹದಲ್ಲಿ ಒಂದನ್ನೇ ಉಳಿಸಿಕೊಳ್ಳುವುದು ಉಚಿತ.

ಸಾಮಾನ್ಯ ದೋಷಗಳು ಮತ್ತು ಅವುಗಳ ತಿದ್ದುಪಡಿ

- 'ಐ ಡಿಡ್ ನಾಟ್ ಸಾ' ತಪ್ಪು. 'ಐ ಡಿಡ್ ನಾಟ್ ಸೀ' ಸರಿ.
- 'ಐ ವಾಂಟಿಡ್ ಟು ವೆಂಟ್' ತಪ್ಪು; 'ಟು' ಬಳಿಕ ಮೂಲರೂಪ ಬರಬೇಕಾದ್ದರಿಂದ 'ಐ ವಾಂಟಿಡ್ ಟು ಗೋ' ಸರಿ.
- 'ಹಿ ವಾಸ್ ವೆಂಟ್' ತಪ್ಪು. 'ಹಿ ವೆಂಟ್' ಸರಿ.
- 'ಐ ಹ್ಯಾವ್ ಮೆಟ್ ಹಿಮ್ ಯೆಸ್ಟರ್‌ಡೇ' ತಪ್ಪು; 'ಐ ಮೆಟ್ ಹಿಮ್ ಯೆಸ್ಟರ್‌ಡೇ' ಸರಿ.
- 'ವೆನ್ ಡಿಡ್ ಯು ಕೇಮ್?' ತಪ್ಪು, 'ವೆನ್ ಡಿಡ್ ಯು ಕಮ್?' ಸರಿ.
- 'ಶಿ ಕುಡ್ ಪಾಸ್ಟ್ ದಿ ಎಕ್ಸಾಮ್' ತಪ್ಪು. ಒಂದು ನಿರ್ದಿಷ್ಟ ಸಂದರ್ಭದಲ್ಲಿ ಸಾಧಿಸಿದ್ದನ್ನು ಹೇಳಲು 'ಶಿ ವಾಸ್ ಏಬಲ್ ಟು ಪಾಸ್ ದಿ ಎಕ್ಸಾಮ್' ಅಥವಾ 'ಶಿ ಪಾಸ್ಟ್ ದಿ ಎಕ್ಸಾಮ್' ಸರಿ.